ಫಿಲಮೆಂಟ್ ಎಲ್‌ಇಡಿಯೋ, ಪ್ಲಾಸ್ಟಿಕ್ ಡೂಮಿನ ಎಲ್‌ಇಡಿಯೋ?

ನನ್ನ ವೋಟು ಫಿಲಮೆಂಟ್ ಎಲ್‌ಇಡಿಗೆ. ನೋಡಲು ಹಳೆಯ ಬುರುಡೆ ಬಲ್ಬಿನಂತೆಯೇ ಇರುತ್ತದೆ. ಅದರಲ್ಲೂ 4 ವ್ಯಾಟ್‌ಗೆ 840 ಲುಮೆನ್ (ಬೆಳಕಿನ ಅಳತೆ) ಕೊಡುವ ಬಗೆ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಅಷ್ಟೇ ಬೆಳಕಿಗೆ ಬಿಳಿ ಡೂಮಿನ ಮಾಮೂಲಿ ಬಲ್ಬ್ 8-9 ವ್ಯಾಟ್ ಎಳೆಯುತ್ತದೆ.

ನೀಲಿ ಎಲ್‌ಇಡಿ ಚಿಪ್‌ಗೆ ಕರೆಂಟ್ ಹೆಚ್ಚಿಸಿದಷ್ಟೂ ಅದರ ದಕ್ಷತೆ ಇಳಿಯುತ್ತದೆ. ಫಿಲಮೆಂಟ್ ಕಡ್ಡಿಯಲ್ಲಿ ಹತ್ತಾರು ಪುಟ್ಟ ಚಿಪ್‌ಗಳಿದ್ದು, ಒಂದೊಂದಕ್ಕೂ ಹೋಗುವ ಕರೆಂಟ್ ಅತ್ಯಲ್ಪ. ಮಾಮೂಲಿ ಬಲ್ಬಿನಲ್ಲಿ ಕೆಲವೇ ಚಿಪ್‌ಗಳು ಮೈಮುರಿದು ದುಡಿಯುತ್ತವೆ, ಮೇಲಿನ ಡೂಮ್ ಒಂದಿಷ್ಟು ಬೆಳಕನ್ನು ನುಂಗುತ್ತದೆ. ಗಾಜಿನೊಳಗಿನ ಹೀಲಿಯಂ ಕಡ್ಡಿಯ ಬಿಸಿಯನ್ನು ಹೊರದಾಟಿಸುತ್ತದೆ. ಗಾಜು ಸೀಳಿದರೆ, ಬಲ್ಬ್ ಇನ್ನೂ ಉರಿಯುತ್ತಿದ್ದರೂ ಮೇನ್ ಆಫ್ ಮಾಡಿ ತೆಗೆದುಬಿಡಿ.

ಇನ್ನು ಪೇಚಿನ ವಿಷಯ. ಕೆಲವು ಕಡೆ ಸ್ವಿಚ್ ಆಫ್ ಮಾಡಿದ ಮೇಲೂ ಕಡ್ಡಿಗಳು ಕೆಂಡ ಆರುವ ಮುಂಚಿನ ಹಾಗೆ ಮಂಕಾಗಿ ಉರಿಯುತ್ತಲೇ ಇರುತ್ತವೆ. ಮಲಗುವ ಕೋಣೆಯಲ್ಲಿ ಇದು ನಿದ್ದೆ ಕೆಡಿಸುತ್ತದೆ. ಅದೇ ಬಗೆಯ ಬೇರೆ ಬಲ್ಬ್ ಹಾಕಿದರೂ ಸಾಮಾನ್ಯವಾಗಿ ಹೋಗದು, ಏಕೆಂದರೆ ತಪ್ಪು ಬಲ್ಬಿನದಲ್ಲ. ಎಲ್ಲಿಂದಲೋ ಸೋರಿ ಬರುವ ಮಿಲಿಆಂಪಿಯರ್‌ನ ಒಂದು ಪಾಲೂ ಇಷ್ಟು ದಕ್ಷ ಕಡ್ಡಿಯನ್ನು ಬೆಳಗಿಸಲು ಸಾಕು. ಮಾಮೂಲಿ ಬಲ್ಬ್‌ಗಳಲ್ಲಿ ಕೆಲವು ಇದೇ ಜಾಗದಲ್ಲಿ ಕೆಲವು ಸೆಕೆಂಡಿಗೊಮ್ಮೆ ಪಳಕ್ಕೆಂದು ಮಿಂಚುತ್ತವೆ: ಸೋರಿದ ಕರೆಂಟ್ ಡ್ರೈವರ್‌ನ (ಬಲ್ಬಿನೊಳಗೆ ಚಿಪ್‌ಗಳಿಗೆ ಕರೆಂಟ್ ಹದಮಾಡಿ ಕೊಡುವ ಸರ್ಕ್ಯೂಟ್) ಕೆಪಾಸಿಟರ್‌ನಲ್ಲಿ ತುಂಬುತ್ತಾ ಬಂದು ಒಮ್ಮೆಲೇ ಖಾಲಿಯಾಗುತ್ತದೆ.

ಮೊದಲು ನೋಡಬೇಕಾದ್ದು ವೈರಿಂಗ್. ಬಲ್ಬ್ ತೆಗೆದು, ಸ್ವಿಚ್ ಆಫ್ ಇಟ್ಟು, ಹೋಲ್ಡರ್‌ಗೆ ಟೆಸ್ಟರ್ ಹಿಡಿದಾಗ ಅದು ಜೋರಾಗಿ ಉರಿದರೆ ಫೇಸ್ ನೇರವಾಗಿ ಹೋಲ್ಡರ್‌ಗೇ ಹೋಗಿದೆ, ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿದೆ. ಇದು ಶಾಕ್ ಹೊಡೆಯುವ ತಪ್ಪು, ಎಲೆಕ್ಟ್ರಿಷಿಯನ್ ಕರೆಸಿ ಅದಲುಬದಲು ಮಾಡಿಸಿ. ಟೆಸ್ಟರ್ ಮಂಕಾಗಿ ಉರಿದರೆ ಸ್ವಿಚ್ಚಿನಲ್ಲಿ ಇಂಡಿಕೇಟರ್ ದೀಪವಿದೆಯೇ ನೋಡಿ. ಅದು ಸ್ವಿಚ್ಚಿನ ಎರಡು ಟರ್ಮಿನಲ್‌ಗಳ ನಡುವೆ ಕೂತು, ಆಫ್ ಆಗಿದ್ದಾಗ ಬಲ್ಬಿನ ಮೂಲಕವೇ ಉರಿಯುತ್ತಿರುತ್ತದೆ. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿದರೆ ಮುಗಿಯಿತು.

ಮೆಟ್ಟಿಲಿನ ಟೂ-ವೇ ಸ್ವಿಚ್‌ನಲ್ಲಿ ಫೇಸ್ ಇರುವ ತಂತಿಯೂ ಆ ಹೊತ್ತಿಗೆ ಫೇಸ್‌ಗೆ ಸೇರದ ತಂತಿಯೂ ಒಂದೇ ಪೈಪಿನಲ್ಲಿ ಉದ್ದಕ್ಕೂ ಜೊತೆಯಾಗಿ ಹೋಗುವುದರಿಂದ ಅವೆರಡೇ ಕೆಪಾಸಿಟರ್‌ನಂತೆ ಕೆಲಸ ಮಾಡುತ್ತವೆ. ಅಲ್ಲಿ ಸೀಲಿಂಗ್ ರೋಸ್‌ನೊಳಗೆ, ಬಲ್ಬಿಗೆ ಸಮಾನಾಂತರವಾಗಿ, 0.1 ಮೈಕ್ರೋಫ್ಯಾರಡ್‌ನ 275 ವೋಲ್ಟ್ ಎಸಿ ಎಕ್ಸ್2 ಕೆಪಾಸಿಟರ್ ಒಂದನ್ನು ಕೂರಿಸಬೇಕು. ಸೋರಿದ ಕರೆಂಟ್ ಅದರ ದಾರಿ ಹಿಡಿಯುತ್ತದೆ. ಎಕ್ಸ್2 ಎಂದೇ ಕೇಳಿ ತನ್ನಿ. ಮೇನ್ಸ್‌ಗೆ ಅಡ್ಡಲಾಗಿ ಸದಾ ಇರಲೆಂದು ಮಾಡಿದ್ದು ಅದು. ಮಾಮೂಲಿ ಕೆಪಾಸಿಟರ್ ಅಲ್ಲಿ ಸಿಡಿಯಬಹುದು.

ಬಣ್ಣದಲ್ಲಿ ಡೂಮಿನದೇ ಮೇಲುಗೈ ಆಗಬಹುದು. ಅತಿ ದಕ್ಷ ಫಿಲಮೆಂಟ್‌ಗಳ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬುದಕ್ಕೆ 100ರವರೆಗಿನ ಅಂಕ) ಸಾಮಾನ್ಯವಾಗಿ 80ರ ಆಸುಪಾಸು, ಕೆಂಪು ಬಟ್ಟೆ ಮಂಕಾಗಿ ಕಾಣುತ್ತದೆ. ಕನ್ನಡಿಯ ಮುಂದೆ 90ರ ಡೂಮ್ ಬಲ್ಬ್ ಹಾಕಿ.

ಬೆಳಕಿನ ಅದುರುವಿಕೆ: ಬಲ್ಬಿನ ಕೆಳಗೆ ಪೆನ್ಸಿಲ್ಲನ್ನು ಬೇಗ ಬೇಗ ಆಡಿಸಿದಾಗ ಹತ್ತು ಪೆನ್ಸಿಲ್ ಕಂಡರೆ ಅಂಗಡಿಯಲ್ಲೇ ವಾಪಸ್ ಕೊಡಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ದಿನಕ್ಕೆ 5 ಗಂಟೆ ಉರಿಯುವ ಕಡೆ 5 ವ್ಯಾಟ್ ಉಳಿತಾಯವೆಂದರೆ ವರ್ಷಕ್ಕೆ ಸುಮಾರು 9 ಯೂನಿಟ್. ಅರ್ಧ ಗಂಟೆ ಉರಿಯುವ ಸ್ನಾನದ ಮನೆಯಲ್ಲಿ ಒಂದು ಯೂನಿಟ್ಟೂ ಉಳಿಯುವುದಿಲ್ಲ, ಅಲ್ಲಿಗೆ ಅಗ್ಗದ ಡೂಮೇ ಸಾಕು. ಆದರೆ ಬಿಗಿಯಾಗಿ ಮುಚ್ಚಿದ ಗಾಜಿನ ಗ್ಲೋಬಿನೊಳಗೆ ಮಾತ್ರ ಹಾಕಬೇಡಿ: ಒಳಗಿನ ಬಿಸಿ 10 ಡಿಗ್ರಿ ಏರಿದರೆ ಡ್ರೈವರ್‌ನ ಕೆಪಾಸಿಟರ್‌ನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.