ಒಳ್ಳೆಯತನದ ಆನ್‌ಲೈನ್ ಕೋರ್ಸು: ಪಾಠ ಚೆನ್ನಾಗಿದೆ, ಕ್ವಿಜ್ ಬೇಡವಾಗಿತ್ತು

ಮೊದಲೇ ಹೇಳಿಬಿಡುತ್ತೇನೆ. ಯಾವ ಕೆಲಸ ಸರಿ ಅನ್ನುವುದಕ್ಕಿಂತ ಎಂಥ ಮನುಷ್ಯರಾಗಬೇಕು ಅಂತ ಮೊದಲು ಕೇಳುವ ಸದ್ಗುಣ ನೀತಿಯ ಈ ಆನ್‌ಲೈನ್ ಕೋರ್ಸಿಗೆ ಮೂರು ಮತ್ತು ನಾಲ್ಕನೇ ಪಾಠಕ್ಕಾಗಿಯೇ ಸೇರಬಹುದು. ಉಳಿದದ್ದು ಪರವಾಗಿಲ್ಲ. ಕೊನೆಯ ಕ್ವಿಜ್ ಮಾತ್ರ ನಗು ತರಿಸುತ್ತದೆ.

ಶುರುವಿನ ಎರಡು ಪಾಠ ಬರೀ ಪರಿಚಯ. ತತ್ವಜ್ಞಾನಿಗಳಲ್ಲಿ ಬೆಂಥಮ್, ಮಿಲ್ ಅವರದು ಫಲಿತಾಂಶ ನೋಡಿ ಸರಿತಪ್ಪು ಹೇಳುವ ಲೆಕ್ಕ, ಕಾಂಟ್‌ನದು ಕರ್ತವ್ಯದ ನಿಯಮ. ಆಮೇಲೆ ಟ್ರಾಲಿ ಬಂದೇ ಬರುತ್ತದೆ, ಅದಿಲ್ಲದ ನೀತಿ ಪಾಠ ಎಲ್ಲಿದೆ ಹೇಳಿ! ಐವರನ್ನು ಉಳಿಸಲು ಒಬ್ಬನಿರುವ ಹಳಿಗೆ ಟ್ರಾಮ್ ತಿರುಗಿಸಬಹುದಾ ಅನ್ನುವ ಈ ಪ್ರಶ್ನೆಯನ್ನು 1967ರಲ್ಲಿ ಎತ್ತಿದವರು ತತ್ವಜ್ಞಾನಿ ಫಿಲಿಪ್ಪಾ ಫುಟ್. ಸದ್ಗುಣ ನೀತಿಗೆ ಮತ್ತೆ ಜೀವ ತುಂಬಿದವರಲ್ಲಿ ಅವರೂ ಒಬ್ಬರು. ಅದನ್ನು ಕೋರ್ಸು ಹೇಳುವುದೇ ಇಲ್ಲ. ಹೇಳಬೇಕಿತ್ತು, ಅಲ್ವಾ?

ಮೂರನೇ ಪಾಠ ಅರಿಸ್ಟಾಟಲ್‌ನದು. ಪುಕ್ಕಲುತನಕ್ಕೂ ಹುಂಬತನಕ್ಕೂ ನಡುವೆ ಧೈರ್ಯ ಅನ್ನುವುದು ನಾವೆಲ್ಲ ಕೇಳಿದ್ದೇ. ಆದರೆ ಆ ನಡು ಅಳತೆಪಟ್ಟಿಯ ನಡು ಅಲ್ಲ ಅನ್ನುವುದನ್ನು ಪಾಠ ಹೇಳುವವರು ಬಿಡಿಸಿಡುವ ರೀತಿ ತುಂಬಾ ಚೆನ್ನಾಗಿದೆ. ಊಟಕ್ಕೆ ಹತ್ತು ಅಳತೆ ಜಾಸ್ತಿ, ಎರಡು ಕಡಿಮೆ ಅಂದ ಮಾತ್ರಕ್ಕೆ ಎಲ್ಲರಿಗೂ ಆರು ಬಡಿಸುವ ಹಾಗಿಲ್ಲ. ಮಿಲೋ ಎಂಬ ಪೈಲ್ವಾನನಿಗೆ ಅದು ಸಾಲದು, ಈಗಷ್ಟೇ ಕಸರತ್ತು ಶುರು ಮಾಡಿದವನಿಗೆ ಅದೇ ಹೆಚ್ಚು. ಇದು ಅರಿಸ್ಟಾಟಲ್‌ನದೇ ಉದಾಹರಣೆ. ಸಿಟ್ಟೂ ಹಾಗೇ. ಯಾರ ಮೇಲೆ, ಯಾವಾಗ, ಎಷ್ಟು ಅನ್ನುವುದರ ಮೇಲೆ ಅದರ ಸರಿತಪ್ಪು. ಕಳ್ಳತನ, ಕೊಲೆಗೆ ಮಾತ್ರ ಹದ ಅನ್ನುವುದೇ ಇಲ್ಲ.

ನಾಲ್ಕನೇ ಪಾಠ ಅಭ್ಯಾಸದ್ದು. ನಿಮ್ಮ ಕೈಯಲ್ಲೇ ಇರುವ ಒಂದು ಕಷ್ಟದ ವಿಷಯ ತೆಗೆದುಕೊಳ್ಳಿ ಅನ್ನುತ್ತಾರೆ. ನಾನು ಶಿಕ್ಷಕಿ, ಒಬ್ಬ ವಿದ್ಯಾರ್ಥಿಗೆ ಶಿಫಾರಸು ಪತ್ರ ಬರೆಯುತ್ತಿದ್ದೆ. ಹುಡುಗ ಬಲು ಚುರುಕು, ಆದರೆ ಒಪ್ಪಿಕೊಂಡ ಕೆಲಸ ಅರ್ಧಕ್ಕೇ ಬಿಡುತ್ತಾನೆ. ಕರಡಿನಲ್ಲಿ ‘ಸ್ವಲ್ಪ ಮಾರ್ಗದರ್ಶನ ಸಿಕ್ಕರೆ ಚೆನ್ನಾಗಿ ಬೆಳೆಯುತ್ತಾನೆ’ ಅಂತಿತ್ತು. ಅಭ್ಯಾಸದ ಹಾಳೆ ಕೇಳುವ ಪ್ರಶ್ನೆ ಒಂದೇ: ಈ ಸಾಲು ಓದಿದವರಿಗೆ ನಿಜಕ್ಕೂ ಏನು ಗೊತ್ತಾಗುತ್ತದೆ? ಏನೂ ಇಲ್ಲ. ಅದನ್ನು ಹೊಡೆದುಹಾಕಿ, ‘ದೊಡ್ಡ ಕೆಲಸ ಕೊಟ್ಟರೆ ನಡುನಡುವೆ ವಿಚಾರಿಸುತ್ತಿರಬೇಕು, ಆಗ ಮುಗಿಸುತ್ತಾನೆ’ ಅಂತ ಬರೆದೆ. ಕಳಿಸುವ ಮೊದಲು ಅವನಿಗೂ ತೋರಿಸಿದೆ. ಮುಖ ಸಪ್ಪಗಾಯಿತು, ಬೇಡ ಅನ್ನಲಿಲ್ಲ. ಸತ್ಯಕ್ಕೂ ಕರುಣೆಗೂ ಜಗಳ ಅಂದುಕೊಂಡಿದ್ದ ಕಡೆ ಇದ್ದದ್ದು ನನ್ನ ಸಂಕೋಚ ಅಷ್ಟೇ. ಸದ್ಗುಣ ನೀತಿಯಲ್ಲಿ ನಿಯಮವೇ ಇಲ್ಲ ಅನ್ನುವವರಿಗೆ ತತ್ವಜ್ಞಾನಿ ರೊಸಾಲಿಂಡ್ ಹರ್ಸ್ಟ್‌ಹೌಸ್ ಕೊಟ್ಟ ಉತ್ತರವೂ ಇಲ್ಲೇ ಬರುತ್ತದೆ: ಪ್ರಾಮಾಣಿಕವಾಗಿರು, ಕ್ರೂರವಾಗಿ ನಡೆಯಬೇಡ, ಇವೂ ನಿಯಮಗಳೇ ತಾನೇ.

ಐದನೇ ಪಾಠದಲ್ಲಿ ಕೈಕೊಟ್ಟಿದ್ದಾರೆ. ಮನೋವಿಜ್ಞಾನಿಗಳಾದ ಡಾರ್ಲಿ ಮತ್ತು ಬ್ಯಾಟ್ಸನ್ ಅವರ 1973ರ ಪ್ರಯೋಗವನ್ನು ಎರಡೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಪಾದ್ರಿಗಳಾಗಲು ಓದುತ್ತಿದ್ದವರು ದಾರಿಯಲ್ಲಿ ನರಳುತ್ತಾ ಕೂತವನನ್ನು ದಾಟಿ ಹೋಗಬೇಕಿತ್ತು. ಬಿಡುವಿದ್ದವರಲ್ಲಿ ಶೇ. 63 ಮಂದಿ ನೆರವಾದರು, ತಡವಾಯಿತೆಂದು ಓಡುತ್ತಿದ್ದವರಲ್ಲಿ ಬರೀ ಶೇ. 10. ಹಾಗಾದರೆ ಗುಣ ಅನ್ನುವುದಕ್ಕೆ ಬೆಲೆ ಏನು? ಸದ್ಗುಣ ನೀತಿಗೆ ಎದುರಾದ ದೊಡ್ಡ ಸವಾಲೇ ಇದು. ಗಟ್ಟಿಯಾದ ಗುಣ ಅಪರೂಪ, ಅದಕ್ಕೇ ರೂಢಿ ಬೇಕು ಅಂತ ಉತ್ತರ ಕೊಡಬಹುದು. ನನಗೆ ಅದು ಪೂರ್ತಿ ಸಾಲದು. ಅವಸರದಲ್ಲಿ ಕಣ್ಣಿಗೇ ಬೀಳದಿದ್ದರೆ ರೂಢಿ ಏನು ಮಾಡೀತು? ಕೋರ್ಸು ಈ ಜಗಳಕ್ಕೇ ಇಳಿಯುವುದಿಲ್ಲ.

ಇನ್ನು ಕ್ವಿಜ್. ‘ಸಹೋದ್ಯೋಗಿ ಸುಳ್ಳು ಹೇಳಿದ್ದು ಗೊತ್ತಾಯಿತು, ಏನು ಮಾಡುತ್ತೀರಿ?’ ನಾಲ್ಕು ಆಯ್ಕೆ, ಸರಿ ಉತ್ತರ ಒಂದೇ. ಎಂಥ ಸುಳ್ಳು, ಯಾರಿಗೆ ಹೇಳಿದ್ದು, ಅದರಿಂದ ಯಾರಿಗೆ ಪೆಟ್ಟು, ಒಂದೂ ಇಲ್ಲ. ಅದೇ ಮುಖ್ಯ ಅಂತ ಪಾಠದುದ್ದಕ್ಕೂ ಹೇಳಿದವರು ಇವರೇ! ಸುಮ್ನೆ ಕಣ್ಣುಮುಚ್ಚಿ ‘ಖಾಸಗಿಯಾಗಿ ಮಾತಾಡುತ್ತೇನೆ’ ಅಂತ ಒತ್ತುತ್ತಾ ಹೋದರೆ ಪಾಸು.

ಧ್ವನಿ ಸ್ಪಷ್ಟವಾಗಿದೆ. ಪಾಠದ ಲಿಖಿತ ರೂಪ ಇಲ್ಲದ್ದರಿಂದ ಒಂದು ಮಾತು ಹುಡುಕಬೇಕಾದರೂ ವಿಡಿಯೋ ಹಿಂದೆ ಮುಂದೆ ಓಡಿಸಬೇಕು. ಅಭ್ಯಾಸದ ಹಾಳೆಗಳನ್ನು ಮೊದಲ ದಿನವೇ ಇಳಿಸಿಟ್ಟುಕೊಳ್ಳಿ, ಅವಧಿ ಮುಗಿದ ಮೇಲೆ ಆ ಪುಟ ತೆರೆಯುವುದಿಲ್ಲ.