ಪಿಜಿ, ಹಾಸ್ಟೆಲ್, ಮಹಡಿ ರೂಮು: ಮೈಸೂರಿನಲ್ಲಿ ಮೂರು ಕಡೆಯೂ ಇದ್ದು ನೋಡಿದೆ

ನಾನು ಹುಟ್ಟಿ ಬೆಳೆದದ್ದು ಮೆಲ್ಬರ್ನ್‌ನಲ್ಲಿ. ಅಪ್ಪ ಅಮ್ಮ ಧಾರವಾಡದವರು. ಎಂಎ ಓದಲು 2023ರ ಆಗಸ್ಟ್‌ನಲ್ಲಿ ಮೈಸೂರಿಗೆ ಬಂದೆ. ಕೈಯಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್, ಅದರಲ್ಲಿ ಸ್ಟೂಡೆಂಟ್ ವೀಸಾ. ಮೊದಲ ನಾಲ್ಕು ತಿಂಗಳು ಸರಸ್ವತಿಪುರಂನ ಒಂದು ಲೇಡೀಸ್ ಪಿಜಿಯಲ್ಲಿದ್ದೆ. ಆಮೇಲೆ ಒಂಬತ್ತು ತಿಂಗಳು ಹಾಸ್ಟೆಲ್. ಕೊನೆಯ ಹತ್ತು ಹನ್ನೊಂದು ತಿಂಗಳು ಒಂಟಿಕೊಪ್ಪಲಿನಲ್ಲಿ ಒಬ್ಬ ಅಜ್ಜಿಯ ಮನೆಯ ಮಹಡಿ ರೂಮು. ಹೊರಗಿನಿಂದ ಓದೋಕೆ ಬರುವ ಕನ್ನಡದ ಮಕ್ಕಳು "ಎಲ್ಲಿ ಇರಬೇಕು" ಅಂತ ಕೇಳುತ್ತಲೇ ಇರುತ್ತಾರೆ. ಮೂರನ್ನೂ ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಮೊದಲು ಕಾಗದಪತ್ರ. ಊಟಕ್ಕಿಂತ ಮುಂಚೆ ಇದನ್ನೇ ಕೇಳಿ. ಹೊರದೇಶದ ಪಾಸ್‌ಪೋರ್ಟ್ ಇರುವವರಿಗೆ ರೂಮು ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಫಾರ್ಮ್ ಸಿ, ಅಂದರೆ ಹೊರದೇಶದವರು ತಮ್ಮಲ್ಲಿ ಉಳಿದಿದ್ದಾರೆ ಅಂತ ಸರ್ಕಾರಕ್ಕೆ ತಿಳಿಸುವ ಅರ್ಜಿ, ತುಂಬಬೇಕಿತ್ತು. ನನ್ನ ವೀಸಾ 180 ದಿನಕ್ಕಿಂತ ಜಾಸ್ತಿ ಇದ್ದುದರಿಂದ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ (ಹೊರದೇಶದವರ ನೋಂದಣಿ ಕಚೇರಿ) ನಾನೂ ನೋಂದಣಿ ಮಾಡಿಸಬೇಕಿತ್ತು. ಅದಕ್ಕೆ ವಿಳಾಸದ ಪುರಾವೆ ಬೇಕು, ಅಂದರೆ ಇದೇ ಫಾರ್ಮ್ ಸಿ. ಪಿಜಿಯವರು ಅಡ್ವಾನ್ಸ್ ತಗೊಂಡ ದಿನ "ಎಲ್ಲಾ ಮಾಡಿಕೊಡ್ತೀವಿ" ಅಂದರು. ಮಾರನೇ ದಿನ ಕೇಳಿದರೆ "ಅದೆಲ್ಲ ಯಾರೂ ಕೇಳಲ್ಲಮ್ಮ" ಅಂದರು. ಹನ್ನೊಂದನೇ ದಿನದವರೆಗೂ ಹೀಗೇ ಎಳೆದರು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೇರೆ ದೇಶದಲ್ಲಿ ಮೊದಲ ತಿಂಗಳೇ ನನ್ನ ಹೆಸರಿನ ಪಕ್ಕ ಒಂದು ತಪ್ಪು ಬೀಳುತ್ತದೆ, ಅದೂ ನಾನು ಮಾಡದ ತಪ್ಪಿಗೆ, ಅಂತ ಒಂದೇ ಯೋಚನೆ. ಕೊನೆಗೆ ಕಾಲೇಜಿನ ಆಫೀಸಿನ ಒಬ್ಬ ಮೇಡಂ ಫೋನ್ ಮಾಡಿ ಜೋರು ಮಾಡಿದ ಮೇಲೆ ಕೆಲಸ ಆಯಿತು.

ಹಾಸ್ಟೆಲ್‌ನಲ್ಲಿ ಈ ತಲೆನೋವೇ ಇಲ್ಲ. ಇಲ್ಲೇ ಓದುತ್ತಿದ್ದೇನೆ ಅನ್ನುವ ಬೋನಫೈಡ್ ಸರ್ಟಿಫಿಕೇಟೂ ಅಲ್ಲೇ, ಫಾರ್ಮೂ ಅಲ್ಲೇ. ಮನೆ ರೂಮಿನಲ್ಲಿ ಮಾಲೀಕರು ಒಪ್ಪಬೇಕು ಅಷ್ಟೇ. ಅಜ್ಜಿ ರಿಟೈರ್ಡ್ ಟೀಚರು. ಪಾಸ್‌ಪೋರ್ಟ್ ನಂಬರನ್ನು ಮೂರು ಸಲ ಓದಿ, ಮೊಮ್ಮಗನ ಕೈಲಿ ಅವತ್ತೇ ತುಂಬಿಸಿದರು. ಬ್ಯಾಂಕ್ ಖಾತೆಗೂ ಈ ನೋಂದಣಿ ಕಾಗದ ಕೇಳಿದರು, ಖಾತೆ ಇಲ್ಲದೆ ನನಗೆ ಯುಪಿಐ ಇಲ್ಲ, ಯುಪಿಐ ಇಲ್ಲದೆ ಐದು ರೂಪಾಯಿ ಚಿಲ್ಲರೆಗೂ ಒದ್ದಾಟ. ಎಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡಿದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಪಿಜಿಗೆ ಮೂರು ಹೊತ್ತಿನ ಊಟ ಸೇರಿ ತಿಂಗಳಿಗೆ 7,500 ರೂಪಾಯಿ, ಅಡ್ವಾನ್ಸ್ 10,000. ಬಿಡುವಾಗ ಪೇಂಟಿಂಗ್ ಅಂತ 2,500 ಹಿಡಿದುಕೊಂಡರು. ಹಾಸ್ಟೆಲ್‌ನಲ್ಲಿ ಡಿವೈಡಿಂಗ್ ಸಿಸ್ಟಮ್, ತಿಂಗಳ ಖರ್ಚನ್ನು ಎಲ್ಲರಿಗೂ ಹಂಚುತ್ತಾರೆ, ನನಗೆ 3,000ದ ಆಸುಪಾಸು ಬರುತ್ತಿತ್ತು. ಅಜ್ಜಿ ಮನೆಯಲ್ಲಿ ಬೆಳಗಿನ ತಿಂಡಿ, ರಾತ್ರಿ ಊಟ ಸೇರಿ 6,500. ಅದರ ಮೇಲೆ ಬಸ್ಸಿನ ದುಡ್ಡು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಫ್ರೀ, ಆದರೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕಿತ್ತು. ನನ್ನ ಹತ್ತಿರ ಆಧಾರ್ ಇಲ್ಲ. ನಾನು ಕನ್ನಡ ಮಾತಾಡುವುದನ್ನು ಕೇಳಿ ಕಂಡಕ್ಟರ್ ಫ್ರೀ ಟಿಕೆಟ್ ಹರಿಯಲು ಕೈ ಹಾಕುತ್ತಿದ್ದರು, ನಾನೇ ತಡೆದು ದುಡ್ಡು ಕೊಡುತ್ತಿದ್ದೆ. ಹಾಸ್ಟೆಲ್‌ನಿಂದ ಕ್ಲಾಸಿಗೆ ನಡೆದೇ ಹೋಗಬಹುದಿತ್ತು.

ಊಟದಲ್ಲಿ ಪಿಜಿಯದು ಕೊನೆಯ ಜಾಗ. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಅನ್ನ, ಮಧ್ಯಾಹ್ನಕ್ಕೂ ಬೆಳಗಿನದೇ ಡಬ್ಬಿ. ಹಾಸ್ಟೆಲ್ ಮೆಸ್ಸಿನಲ್ಲಿ ಸಾರು ತೆಳು, ಆದರೆ ವಾರಕ್ಕೆರಡು ದಿನ ಮುದ್ದೆ ಮಾಡುತ್ತಿದ್ದರು, ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದ್ದು ನನ್ನ ರೂಮ್‌ಮೇಟು. ಕಲಬುರಗಿಯ ಗೆಳತಿ ಪ್ರತಿ ರಜೆ ಮುಗಿಸಿ ಬರುವಾಗ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತರುತ್ತಿದ್ದಳು. ಮೊದಲ ಸಲ ಆ ಡಬ್ಬಿ ತೆಗೆದಾಗ ಮೆಲ್ಬರ್ನ್‌ನ ನಮ್ಮ ಅಡುಗೆಮನೆಯದೇ ವಾಸನೆ ಬಂತು. ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ಮನೆಯಲ್ಲಿ ಬಸ್ಸಾರು, ಉಪ್ಪುಸಾರು, ಮೊಸೊಪ್ಪು. ಇವುಗಳ ಹೆಸರನ್ನೇ ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಊಟಕ್ಕೆ ಅಜ್ಜಿ ಮನೆಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೂಮಿಗೆ ಮೊಟ್ಟೆ ಕೂಡ ತರುವ ಹಾಗಿಲ್ಲ. ಅದು ನಿಮಗೆ ಕಷ್ಟವಾದರೆ ಮೊದಲೇ ಯೋಚಿಸಿ.

ಬಿಸಿನೀರು ಮೂರು ಕಡೆಯೂ ಬೆಳಿಗ್ಗೆ ಮಾತ್ರ. ಹಾಸ್ಟೆಲ್‌ನಲ್ಲಿ ಸೋಲಾರ್, ಐದೂವರೆಗೆ ಎದ್ದವರಿಗೆ ಬಕೆಟ್ ತುಂಬ, ಏಳಕ್ಕೆ ಎದ್ದವರಿಗೆ ತಣ್ಣೀರು. ಅದರಿಂದಲೇ ನನಗೆ ಬೇಗ ಏಳುವ ಅಭ್ಯಾಸ ಆಗಿ, ಕುಕ್ಕರಹಳ್ಳಿ ಕೆರೆ ಸುತ್ತಲು ಹೋಗುವುದು ಶುರುವಾಯಿತು. ಗೇಟು ಮೂರು ಕಡೆಯೂ ರಾತ್ರಿ ಒಂಬತ್ತೂವರೆ ಒಳಗೆ. ಓದಿಗೆ ಬೇಕಾದ ಶಾಂತಿ ಮಾತ್ರ ಮಹಡಿ ರೂಮಿನಲ್ಲಿ ಸಿಕ್ಕಷ್ಟು ಇನ್ನೆಲ್ಲೂ ಸಿಗಲಿಲ್ಲ, ಪರೀಕ್ಷೆ ಹೊತ್ತಿಗೆ ಅದರ ಬೆಲೆ ಗೊತ್ತಾಯಿತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಕನ್ನಡ. ನನ್ನ ಕನ್ನಡ ಅಮ್ಮನಿಂದ ಬಂದದ್ದು, ಅಂದರೆ ಅಮ್ಮ ಊರು ಬಿಟ್ಟಾಗಿನ ಧಾರವಾಡದ ಕನ್ನಡ. ಭಾಳ, ಅಡ್ಡಿಯಿಲ್ಲ, ತಾಟು, ಹೌದ್ರಿ. ಮೈಸೂರಿನಲ್ಲಿ ಬಾಯಿ ತೆಗೆದರೆ "ಹುಬ್ಬಳ್ಳಿ ಕಡೆಯವರಾ?" ಅಂತ ಕೇಳುತ್ತಿದ್ದರು. ಹುಟ್ಟಿದ್ದು ಮೆಲ್ಬರ್ನ್ ಅಂದರೆ ನಂಬುತ್ತಿರಲಿಲ್ಲ. ನನಗೆ ಅದು ಎಷ್ಟು ಖುಷಿ ಕೊಡುತ್ತಿತ್ತು ಅಂತ ಹೇಳಲಾರೆ, ನಾನೂ ಒಂದು ಕಡೆಯವಳು ಅಂತ ಯಾರೋ ಕೇಳದೆಯೇ ಒಪ್ಪಿಕೊಂಡ ಹಾಗೆ. ಪಿಜಿಯಲ್ಲಿ ಈ ಕನ್ನಡ ಬಾಯಿಂದ ಹೊರಗೇ ಬರಲಿಲ್ಲ. ಅಲ್ಲಿದ್ದವರು ಬೇರೆ ಬೇರೆ ರಾಜ್ಯದವರು, ಒಳ್ಳೆಯವರೇ, ಆದರೆ ಮಾತು ಹಿಂದಿ ಇಲ್ಲ ಇಂಗ್ಲಿಷ್, ಅದೂ ಅವರವರ ಕೆಲಸದ ಮಧ್ಯೆ. ಸುಮ್ನೆ ಇಂಗ್ಲಿಷ್ ಮಾತಾಡಲು ಇಷ್ಟು ದೂರ ಬರಬೇಕಿತ್ತಾ?

ಹಾಸ್ಟೆಲ್‌ನಲ್ಲಿ ಒಂದೇ ಕಾರಿಡಾರಿನಲ್ಲಿ ಎಷ್ಟು ಕನ್ನಡ! ನಾನು "ಬರಾಕತ್ತೀನಿ" ಅಂದರೆ ಚಾಮರಾಜನಗರದ ರೂಮ್‌ಮೇಟು "ಬತ್ತಾ ಇವ್ನಿ" ಅನ್ನುತ್ತಿದ್ದಳು, ಪುತ್ತೂರಿನವಳು "ಬರ್ತಾ ಇದ್ದೇನೆ" ಅಂತ ಒಂದೊಂದು ಅಕ್ಷರವನ್ನೂ ಪೂರ್ತಿ ಹೇಳುತ್ತಿದ್ದಳು. ರಾತ್ರಿ ಹನ್ನೊಂದರವರೆಗೂ ಅವರವರ ಊರಿನ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಡುವುದೇ ಆಟ. 2024ರ ಯುಗಾದಿಗೆ ಮೆಸ್ ಮುಚ್ಚಿ ಹಾಸ್ಟೆಲ್ ಖಾಲಿಯಾದಾಗ ರೂಮ್‌ಮೇಟು ನನ್ನನ್ನು ಒಬ್ಬಳನ್ನೇ ಬಿಡದೆ ಅವಳ ಹಳ್ಳಿಗೆ ಕರೆದುಕೊಂಡು ಹೋದಳು. ಹಿಂದಿನ ದಸರಾ ರಜೆಯಲ್ಲಿ, ಊರೆಲ್ಲ ದೀಪ ಹಚ್ಚಿಕೊಂಡು ನಿಂತಿದ್ದಾಗ, ಪಿಜಿಯಲ್ಲಿ ಒಬ್ಬಳೇ ಬ್ರೆಡ್ಡು ತಿಂದು ಮಲಗಿದ್ದೆ.

ಅಜ್ಜಿ ಮನೆಯಲ್ಲಿ ಕಲಿತದ್ದು ಬೇರೆ ತರಹದ್ದು. ಸಂಜೆ ಪೇಪರನ್ನು ನಾನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಒತ್ತಕ್ಷರ ತಪ್ಪಿದರೆ ಕಣ್ಣು ತೆಗೆಯುತ್ತಾರೆ, ಅಷ್ಟೇ. ಮೂರು ತಿಂಗಳಲ್ಲಿ ನನ್ನ ಓದು ಎರಡು ಪಟ್ಟು ವೇಗವಾಯಿತು. 2024ರ ದಸರೆಗೆ ಅವರು ಗೊಂಬೆ ಕೂರಿಸಿದಾಗ, ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳಿಗೆ (ರಾಜ ರಾಣಿ ಜೋಡಿ) ಸೀರೆ ಪಂಚೆ ಉಡಿಸುವ ಕೆಲಸ ನನಗೆ ಕೊಟ್ಟರು. ಬೀದಿಯ ಮಕ್ಕಳು "ಗೊಂಬೆ ಕೂರ್ಸಿದ್ದೀರಾ?" ಅಂತ ಬಾಗಿಲಿಗೆ ಬಂದರೆ ಚರ್ಪು, ಅಂದರೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿ, ಹಂಚುವವಳೂ ನಾನೇ.

ಹುಷಾರು ತಪ್ಪಿದಾಗಿನ ಲೆಕ್ಕವೂ ಹಾಕಿ. ಪಿಜಿಯಲ್ಲಿ ಹೊಟ್ಟೆ ಕೆಟ್ಟು ಎರಡು ದಿನ ಓಆರ್‌ಎಸ್ ಕುಡಿದುಕೊಂಡು ಮಲಗಿದ್ದೆ, ಯಾರಿಗೂ ಗೊತ್ತಾಗಲಿಲ್ಲ. ಹಾಸ್ಟೆಲ್‌ನಲ್ಲಿ ಜ್ವರ ಬಂದಾಗ ಇಬ್ಬರು ಕ್ಲಾಸು ಬಿಟ್ಟು ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಮೆಸ್ಸಿನ ಅಣ್ಣ ಗಂಜಿ ಮಾಡಿಕೊಟ್ಟರು. ಅಜ್ಜಿ ಮನೆಯಲ್ಲಿ ಒಂದು ಸೀನು ಬಂದರೆ ಮೆಣಸಿನ ಸಾರು ಮೇಲೆ ಬರುತ್ತಿತ್ತು.

ಹಾಗಾಗಿ ನನ್ನನ್ನು ಕೇಳಿದರೆ ಮೊದಲ ವರ್ಷ ಹಾಸ್ಟೆಲ್, ಎರಡನೇ ವರ್ಷ ಮನೆ ರೂಮು. ಈ ಕ್ರಮ ತಿರುಗಿಸಬೇಡಿ. ಗೆಳೆತನ ಆಗುವುದು ಮೊದಲ ಆರು ತಿಂಗಳಲ್ಲೇ ಅಲ್ವಾ, ಆಗ ಮಹಡಿ ಮೇಲೆ ಒಬ್ಬರೇ ಇದ್ದರೆ ಅದು ಕೈತಪ್ಪಿ ಹೋಗುತ್ತದೆ. ಪಿಜಿ ಹಾಸ್ಟೆಲ್ ಸೀಟು ಸಿಗುವವರೆಗೆ ಮಾತ್ರ, ಅದೂ ಅಡ್ವಾನ್ಸ್ ಕೊಡುವ ಮುಂಚೆಯೇ ಫಾರ್ಮ್ ಬಗ್ಗೆ ಮೆಸೇಜ್‌ನಲ್ಲಿ ಬರೆಸಿಕೊಂಡು. ಮನೆ ರೂಮು ಆನ್‌ಲೈನ್‌ನಲ್ಲಿ ಸಿಗುವುದು ಕಡಿಮೆ. ನನಗೆ ಸಿಕ್ಕಿದ್ದು ಕೆರೆ ಸುತ್ತುವಾಗ ಪರಿಚಯವಾದ ಒಬ್ಬ ಆಂಟಿಯಿಂದ. ಇಲ್ಲದಿದ್ದರೆ ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ ಬೀದಿಗಳಲ್ಲಿ ಒಂದು ಭಾನುವಾರ ಬೆಳಿಗ್ಗೆ ನಡೆಯಿರಿ, ಗೇಟಿಗೆ ಟು ಲೆಟ್ ಬೋರ್ಡು ತೂಗುಹಾಕಿರುತ್ತಾರೆ. ಹೊಸ ಬ್ಯಾಚಿನವರು ಬರುವ ಮುಂಚೆಯೇ ಹೋಗಿ, ಆಮೇಲೆ ಆ ಬೋರ್ಡುಗಳು ಇರುವುದಿಲ್ಲ.