ಪಾಚಿ ತಿನ್ನೋಕೆ ಅಂತ ಸೀ ಹೇರ್ ತರುವ ಮೊದಲು ಇದನ್ನು ಓದಿ

ಬೆಂಗಳೂರಿನಲ್ಲಿ ರೀಫ್ ಟ್ಯಾಂಕ್ (ಹವಳ, ಕಡಲ ಮೀನು ಸಾಕೋ ಉಪ್ಪು ನೀರಿನ ತೊಟ್ಟಿ) ಇಟ್ಟು ಕೂದಲು ಪಾಚಿಯಿಂದ ಸಾಕಾಗಿರುವವರು ದಯವಿಟ್ಟು ಓದಿ. ಆರು ವರ್ಷದಿಂದ ಟ್ಯಾಂಕ್ ಇಟ್ಟವನು, ಹೊಸಬರಿಗೆ ಬುದ್ಧಿ ಹೇಳುವವನು, ನಾನೇ ಮೋಸ ಹೋದೆ. ಬರೆಯೋಕೂ ನಾಚಿಕೆ.

ನನ್ನದು 200 ಲೀಟರ್ ಟ್ಯಾಂಕ್. ಅಂಗಡಿಯವನು ಅಂಗೈಯಗಲದ ಸೀ ಹೇರ್ ತೋರಿಸಿದ. ಹೆಸರಿಗೆ ಕಡಲ ಮೊಲ, ನೋಡೋಕೆ ಮೇಲೆ ಚಿಪ್ಪಿಲ್ಲದ ಬಸವನಹುಳು. "ಇದೊಂದು ಬಿಡಿ ಸಾರ್, ಹದಿನೈದು ದಿನದಲ್ಲಿ ಕಲ್ಲು ಬೆಳ್ಳಗಾಗುತ್ತೆ." ಪಾಚಿ ಮುಗಿದ ಮೇಲೆ ಏನು ತಿನ್ನುತ್ತೆ? "ಪೆಲೆಟ್ ತಿನ್ನುತ್ತೆ ಸಾರ್." ಇನ್ನೂ ಬೆಳೆಯುತ್ತಾ? "ಇಲ್ಲ ಸಾರ್, ಇದೇ ಸೈಜು."

ಎರಡೂ ಸುಳ್ಳು. ಅದು ಡೊಲಾಬೆಲ್ಲಾ ಅನ್ನೋ ಜಾತಿಯ ಸೀ ಹೇರ್. 40 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಪಾಚಿ ಬಿಟ್ಟು ನಾನು ಹಾಕಿದ ಪೆಲೆಟ್ ಮೂಸಿಯೂ ನೋಡಲಿಲ್ಲ.

ಪಾಚಿ ತಿಂದಿತು, ಅದು ನಿಜ. ಒಂಬತ್ತೇ ದಿನಕ್ಕೆ ಕಲ್ಲು ಬೋಳು. ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ ಬೇರೆ! ಆಮೇಲೆ ಒಣಗಿಸಿದ ಕಡಲ ಪಾಚಿಯ ನೋರಿ ಹಾಳೆ ಕಟ್ಟಿದೆ, ಮುಟ್ಟಲಿಲ್ಲ. ಹೊಟ್ಟೆ ಹಸಿದು ರಾತ್ರಿಯೆಲ್ಲ ಗಾಜಿನ ಮೇಲೆ ಹರಿದಾಡೋದು. ಹಾಗೇ ಹೋಗಿ, ನೀರಲ್ಲಿ ಅಲೆ ಎಬ್ಬಿಸೋ ಫ್ಯಾನಿನಂಥ ವೇವ್ ಮೇಕರ್‌ಗೆ ಸಿಕ್ಕಿಕೊಂಡಿತು.

ರಾತ್ರಿ ಹನ್ನೊಂದಕ್ಕೆ ನೋಡಿದರೆ ಟ್ಯಾಂಕ್ ಪೂರ್ತಿ ಬೀಟ್‌ರೂಟ್ ಸಾರು. ಗಾಬರಿಯಾದರೆ ಸೀ ಹೇರ್ ನೇರಳೆ ಶಾಯಿ ಕಾರುತ್ತೆ, ಅದೇ ಇದು. ಒಳಗೆ ಕೈ ಕಾಣಲ್ಲ. ಕ್ಲೌನ್ ಮೀನು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಕಲಸಿಟ್ಟ ಉಪ್ಪು ನೀರು ಇದ್ದದ್ದು ಬರೀ 40 ಲೀಟರ್. ಇದ್ದಷ್ಟೂ ಬದಲಾಯಿಸಿದೆ, ನೀರಿನ ಕಲ್ಮಶ ಹೀರೋ ಕಾರ್ಬನ್ ಇದ್ದಬದ್ದದ್ದೆಲ್ಲ ಸುರಿದೆ. ಬೆಳಿಗ್ಗೆಗೆ ಸೀ ಹೇರ್ ಹೋಗಿತ್ತು, ಜೋಡಿ ಕ್ಲೌನ್‌ನಲ್ಲಿ ಒಂದು ಹೋಗಿತ್ತು.

ಅಂಗಡಿಯವನಿಗೆ ಫೋಟೋ ಕಳಿಸಿದೆ. ಅವನ ಉತ್ತರಗಳು ಇವು:
"ನಿಮ್ಮ ನೀರಿನ ಪ್ಯಾರಾಮೀಟರ್ ಸರಿ ಇಲ್ಲ ಸಾರ್."
ಸರಿ ಇದೆ ಅಂತ ಟೆಸ್ಟ್ ಕಳಿಸಿದೆ. "ಜೀವ ಇರೋದಕ್ಕೆ ಗ್ಯಾರಂಟಿ ಕೊಡಲ್ಲ ಸಾರ್."
ವೇವ್ ಮೇಕರ್ ವಿಷಯ ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಲಿಲ್ಲ ಸಾರ್."

ಕೇಳಲಿಲ್ಲವಂತೆ! ಜಗಳ ಆಡೋಕೆ ಅಂಗಡಿಗೇ ಹೋದೆ. ಅಲ್ಲಿ ಇನ್ನೆರಡು ಸೀ ಹೇರ್ ಇದ್ದವು. ಆ ಟ್ಯಾಂಕಿನ ವೇವ್ ಮೇಕರ್‌ಗೆ ಕಪ್ಪು ಸ್ಪಂಜ್ ಸುತ್ತಿ, ಮೀನುಬಲೆಯ ದಾರದಲ್ಲಿ ಕಟ್ಟಿದ್ದ. ಅವನಿಗೆ ಎಲ್ಲ ಗೊತ್ತಿತ್ತು! ಅವತ್ತು ತರುವಾಗಲೂ ಆ ಸ್ಪಂಜ್ ಅಲ್ಲೇ ಇತ್ತು, ನನ್ನ ಕಣ್ಣೆದುರಿಗೇ. ಫಿಲ್ಟರ್ ಇರಬೇಕು ಅಂದುಕೊಂಡಿದ್ದೆ. ಮೈಯೆಲ್ಲ ಉರಿದುಹೋಯಿತು. ಅವನು ತಣ್ಣಗೆ, "ಇನ್ನೊಂದು ತಗೊಳ್ಳಿ ಸಾರ್, ಇನ್ನೂರು ಕಡಿಮೆ ಮಾಡ್ತೀನಿ" ಅಂದ.

ಸೀ ಹೇರ್ ಬೇಕೇ ಬೇಕು ಅಂದರೆ ಸ್ಪಂಜ್ ಮೊದಲು ಕಟ್ಟಿ, ಪ್ರಾಣಿ ಆಮೇಲೆ ತನ್ನಿ. ಪಾಚಿ ಮುಗಿದ ದಿನ ವಾಪಸ್ ತಗೋತೀನಿ ಅಂತ ಬರೆಸಿಕೊಳ್ಳಿ. ಬರೆದುಕೊಡಲ್ಲ ಅಂದರೆ ಸುಮ್ನೆ ಎದ್ದು ಬನ್ನಿ. ತಿಂದ ಪಾಚಿಯೂ ಹಿಕ್ಕೆಯಾಗಿ ಅದೇ ನೀರಿಗೆ ತಾನೇ ಬೀಳೋದು? ಪಾಚಿಗೆ ಗೊಬ್ಬರವಾಗೋ ಫಾಸ್ಫೇಟ್ ನನ್ನ ನೀರಲ್ಲಿ ಒಂದು ಚೂರೂ ಇಳಿದಿಲ್ಲ.

ಕಲ್ಲಿನ ಮೂಲೆಯಲ್ಲಿ ಮತ್ತೆ ಹಸಿರು ಕಾಣುತ್ತಿದೆ. ಹೆಂಡತಿ ಏನೂ ಹೇಳಲಿಲ್ಲ, ಹಳೇ ಹಲ್ಲುಜ್ಜೋ ಬ್ರಷ್ ತಂದು ಟ್ಯಾಂಕ್ ಮೇಲಿಟ್ಟಿದ್ದಾಳೆ.